ರಾಯಚೂರು–ಬಾಚಿ ರಸ್ತೆ: ರಾಜ್ಯ ಹೆದ್ದಾರಿ 20ರ ಟಿಪ್ಪಣಿ

ಬೆಳಗಾವಿಯಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಓಡಾಡುವವರಿಗೆ ಈ ರಸ್ತೆ ಗೊತ್ತು. ಆದರೆ ಸರ್ಕಾರಿ ದಾಖಲೆಯಲ್ಲಿ ಇದು ‘ರಾಯಚೂರು–ಬಾಚಿ ರಸ್ತೆ’. ರಾಯಚೂರು ಸರಿ, ಈ ಬಾಚಿ ಎಲ್ಲಿಂದ ಬಂತು?

ಬೆಳಗಾವಿಯ ಪಶ್ಚಿಮಕ್ಕೆ, ಹಿಂಡಲಗಾ ದಾಟಿ ಹೋದರೆ ಸಿಗುವ ಗಡಿ ಹಳ್ಳಿ ಅದು. ಮುಂದಿನ ಶಿನೋಳಿ ಮಹಾರಾಷ್ಟ್ರದ್ದು. ರಾಜ್ಯ ಹೆದ್ದಾರಿಯ ನಂಬರು ಗಡಿಗೆ ಮುಗಿಯುತ್ತದೆ, ರಸ್ತೆ ಮುಗಿಯಲ್ಲ. ಅದು ಅಂಬೋಲಿ ಘಾಟ್ ಇಳಿದು, ಸಾವಂತವಾಡಿ ಹಾದು ವೆಂಗುರ್ಲಾ ಬಂದರು ಸೇರುತ್ತದೆ. ರೈಲು ಬರುವ ಮುಂಚೆ ಬೆಳಗಾವಿ ಕ್ಯಾಂಪಿನ ಪಲ್ಟನ್ನುಗಳೂ ಸರಕೂ ಆ ಬಂದರಿನ ಮೂಲಕವೇ ಓಡಾಡುತ್ತಿದ್ದವು. 1880ರ ದಶಕದ ಕೊನೆಗೆ ಬೆಳಗಾವಿಗೆ ರೈಲು ಬಂತು, ವೆಂಗುರ್ಲಾ ವ್ಯಾಪಾರ ಸೊರಗಿತು.

ಈಗ ಪೂರ್ವಕ್ಕೆ ಹೊರಡೋಣ. ಬೆಳಗಾವಿ, ಸಾಂಬ್ರಾ (ವಿಮಾನ ನಿಲ್ದಾಣ ಇಲ್ಲೇ), ನೇಸರಗಿ, ಯರಗಟ್ಟಿ, ಲೋಕಾಪುರ, ಕಲಾದಗಿ, ಗದ್ದನಕೇರಿ ಕ್ರಾಸ್, ಬಾಗಲಕೋಟೆ, ಕಮತಗಿ, ಅಮೀನಗಡ, ಹುನಗುಂದ. ಆಮೇಲೆ ಮುದಗಲ್, ಲಿಂಗಸುಗೂರು, ರಾಯಚೂರು. ಪರೀಕ್ಷೆಗೆ ಅಂತ ಸುಮ್ನೆ ಉರು ಹೊಡೆದರೆ ನಾಳೆಗೆ ಮರೆತು ಹೋಗುತ್ತದೆ. ನಕಾಶೆಯಲ್ಲಿ ನದಿಗಳನ್ನು ಮೊದಲು ಬರೆದುಕೊಳ್ಳಿ. ಬಡಗಲಿಗೆ ಘಟಪ್ರಭಾ, ತೆಂಕಲಿಗೆ ಮಲಪ್ರಭಾ. ಎರಡರ ನಡುವಿನ ದಿಣ್ಣೆ ನೆಲ ಹಿಡಿದೇ ರಸ್ತೆ ಬಾಗಲಕೋಟೆಯವರೆಗೆ ಬರುತ್ತದೆ. ಅಲ್ಲಿಯವರೆಗೆ ಈ ಎರಡರಲ್ಲಿ ಒಂದನ್ನೂ ದಾಟುವುದಿಲ್ಲ! ಕಮತಗಿ ಹತ್ತಿರ ಮಲಪ್ರಭೆಯನ್ನು ದಾಟುತ್ತದೆ, ಅಷ್ಟೇ. ಆ ಹೊಳೆ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ರಸ್ತೆ ಮಾತ್ರ ಕೃಷ್ಣೆಯ ದಕ್ಷಿಣದಲ್ಲೇ ಉಳಿದು, ಕೃಷ್ಣಾ–ತುಂಗಭದ್ರಾ ನಡುವಿನ ರಾಯಚೂರು ದೋಆಬಿಗೆ ನುಗ್ಗುತ್ತದೆ. ಸೇತುವೆ ಕಡಿಮೆ ಇದ್ದ ಕಾಲದಲ್ಲಿ ಚಕ್ಕಡಿ ಹೊಡೆಯುವವರಿಗೆ ಇಂಥ ದಾರಿಯೇ ಬೇಕು, ಅಲ್ವಾ? ನನಗೆ ಈ ರಸ್ತೆಯ ಗುಟ್ಟೇ ಇದು ಅನಿಸುತ್ತದೆ.

ಕಲಾದಗಿಯಲ್ಲಿ ಸ್ವಲ್ಪ ನಿಲ್ಲಬೇಕು. ಈಗ ಚಿಕ್ಕು, ದಾಳಿಂಬೆಗೆ ಹೆಸರಾದ ಈ ಊರು ಒಂದು ಕಾಲಕ್ಕೆ ಬ್ರಿಟಿಷರ ದಂಡಿನ ಠಾಣೆ, ಜಿಲ್ಲಾ ಕೇಂದ್ರ ಕೂಡ. ಆಗ ಜಿಲ್ಲೆಯ ಹೆಸರೇ ಕಲಾದಗಿ. 1885ರಲ್ಲಿ ಕೇಂದ್ರ ವಿಜಯಪುರಕ್ಕೆ ಹೋಯಿತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ. ಭೂವಿಜ್ಞಾನದಲ್ಲೂ ಈ ಊರಿನ ಹೆಸರು ಉಳಿದಿದೆ: ಈ ಭಾಗದ ಹಳೆಯ ಮರಳುಗಲ್ಲು, ಸುಣ್ಣಕಲ್ಲಿನ ಪದರುಗಳಿಗೆ ಕಲಾದಗಿ ಶಿಲಾಸಮೂಹ ಅಂತಾರೆ. ಲೋಕಾಪುರದ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದಿದ್ದು ಆ ಸುಣ್ಣಕಲ್ಲಿನಿಂದಲೇ.

ಎರಡು ಕ್ರಾಸ್ ನೆನಪಿಡಿ. ಯರಗಟ್ಟಿಯಲ್ಲಿ ಧಾರವಾಡದ ಕಡೆಯಿಂದ ಬರುವ ರಸ್ತೆ ಕೂಡುತ್ತದೆ. ಗದ್ದನಕೇರಿಯಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಅಡ್ಡ ಬರುತ್ತದೆ. ಅಮೀನಗಡಕ್ಕೆ ಬಂದರೆ ಕರದಂಟು ತಗೊಳ್ಳಿ, ಐಹೊಳೆ ಅಲ್ಲಿಂದ ಹತ್ತಿರ.

ದಾರಿಯುದ್ದಕ್ಕೂ ನೆಲ, ಮಳೆ ಎರಡೂ ಬದಲಾಗುತ್ತವೆ. ಬೆಳಗಾವಿಯಲ್ಲಿ ಬೀಳುವ ಮಳೆ ಬಾಗಲಕೋಟೆಯ ಸುಮಾರು ಎರಡು ಪಟ್ಟು. ಬಾಚಿ ಕಡೆ ಭತ್ತದ ಗದ್ದೆ, ಪೂರ್ವಕ್ಕೆ ಬಂದಂತೆ ಜೋಳ, ಹತ್ತಿಯ ಎರಿ ಹೊಲ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೆಳಗೆ ಗರಸು ಗಟ್ಟಿಯಾಗಿ ತುಂಬದಿದ್ದರೆ ಮೇಲೆ ಎಷ್ಟು ಡಾಂಬರು ಸುರಿದರೂ ರಸ್ತೆ ಅಲೆಅಲೆಯಾಗುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಕಿಲೋಮೀಟರ್ ಕಲ್ಲು ನೋಡಿ: ತಲೆಗೆ ಹಸಿರು ಬಣ್ಣ ಇದ್ದರೆ ರಾಜ್ಯ ಹೆದ್ದಾರಿ, ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ.

ಪರೀಕ್ಷೆಗೆ ಜಾಸ್ತಿ ಉಪಯೋಗಕ್ಕೆ ಬರುವುದು ಮುಂದಿನ ವಿಷಯ. 1956ರ ಮುಂಚೆ ಹುನಗುಂದದವರೆಗಿನ ಭಾಗ ಮುಂಬೈ ರಾಜ್ಯದಲ್ಲಿತ್ತು, ಮುದಗಲ್, ಲಿಂಗಸುಗೂರು, ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದವು. ಅಂದರೆ ಹುನಗುಂದ–ಮುದಗಲ್ ನಡುವೆ ರಾಜ್ಯದ ಗಡಿ. ನವೆಂಬರ್ 1ರ ಏಕೀಕರಣ ಆಗದಿದ್ದರೆ ಎರಡು ತುದಿಗೂ ಸೇರಿ ಒಂದೇ ರಾಜ್ಯ ಹೆದ್ದಾರಿ ನಂಬರು ಕೊಡುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಬೆಳಗಾವಿ–ಹುನಗುಂದ–ರಾಯಚೂರು ರಾಷ್ಟ್ರೀಯ ಹೆದ್ದಾರಿ 748ಎ ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಊರುಗಳ ಹೆಸರು ಒಂದೇ ಆದರೂ ಅದು ಹೊಸ ಯೋಜನೆ. ಉತ್ತರ ಬರೆಯುವಾಗ ಇದರ ಜೊತೆ ಕಲಸಬೇಡಿ.