‘ನೋ ಯುಪಿಐ’ ಬೋರ್ಡಿನ ಹಿಂದಿನ ಲೆಕ್ಕ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಂದ ಕ್ಯೂಆರ್ ಕೋಡ್ ಸ್ಟಿಕ್ಕರ್‌ಗಳು ಒಂದೊಂದಾಗಿ ಮಾಯವಾದವು. ಆ ಜಾಗಕ್ಕೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅನ್ನೋ ಚೀಟಿ ಬಂತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸ್‌ಗಳೇ ಇದಕ್ಕೆ ಕಾರಣ. 2021-22ರಿಂದ 2024-25ರವರೆಗೆ ಯಾರ ಖಾತೆಗೆ ಯುಪಿಐಯಲ್ಲಿ ಎಷ್ಟು ದುಡ್ಡು ಬಂದಿದೆ ಅನ್ನೋದನ್ನು ಇಲಾಖೆ ಪೇಮೆಂಟ್ ಕಂಪನಿಗಳಿಂದ ತರಿಸಿಕೊಂಡಿತ್ತು. ವರ್ಷದ ವಹಿವಾಟು, ಅಂದರೆ ಒಟ್ಟು ಮಾರಾಟ, ಮಿತಿ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಅಂತ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಹೋಯಿತು.

ಯುಪಿಐ ಮೇಲೆ ತೆರಿಗೆ ಹಾಕಿದ್ದಾರೆ ಅಂತ ಸುದ್ದಿ ಹಬ್ಬಿತು. ಹಾಗೇನೂ ಇರಲಿಲ್ಲ. ಕಾನೂನು ಹಳೆಯದೇ. ಯುಪಿಐ ಮೂಲಕ ಅಂಗಡಿಯ ಗಲ್ಲಾಪೆಟ್ಟಿಗೆಯೊಳಗೂ ಇಲಾಖೆಯ ಕಣ್ಣು ಬಿತ್ತು, ಅಷ್ಟೆ.

ಮೈಸೂರು ಸಂಸ್ಥಾನದಲ್ಲಿ ಮಾರಾಟ ತೆರಿಗೆ ಕಾಯ್ದೆ ಬಂದಿದ್ದು 1948ರಲ್ಲಿ. ಏಕೀಕರಣವಾದ ಮೇಲೆ 1957ರ ಕಾಯ್ದೆ ಬಂತು, ಅದು ಹತ್ತಿರ ಹತ್ತಿರ ಅರ್ಧ ಶತಮಾನ ನಡೆಯಿತು. ಆ ಪದ್ಧತಿಯಲ್ಲಿ ಎಷ್ಟೋ ಸರಕುಗಳಿಗೆ ರಾಜ್ಯದೊಳಗಿನ ಮೊದಲ ಮಾರಾಟದಲ್ಲೇ ತೆರಿಗೆ ಮುಗಿದುಹೋಗುತ್ತಿತ್ತು. ಕಂಪನಿಯೋ ದೊಡ್ಡ ಡೀಲರೋ ಕಟ್ಟುತ್ತಿದ್ದರು. ಬೀದಿ ತುದಿಯ ಅಂಗಡಿಯವರ ತನಕ ಆ ಮಾತು ಬರುತ್ತಲೇ ಇರಲಿಲ್ಲ. ‘ಟ್ಯಾಕ್ಸ್ ಎಲ್ಲಾ ಹಿಂದೇನೇ ಕಟ್ಟಾಗಿದೆ’ ಅನ್ನೋ ನಂಬಿಕೆ ಹುಟ್ಟಿದ್ದು ಹೀಗೆ. ಆಗ ಅದು ತಪ್ಪೇನೂ ಆಗಿರಲಿಲ್ಲ.

2005ರ ಏಪ್ರಿಲ್ 1ರಿಂದ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಬಂದು ಲೆಕ್ಕ ಬದಲಾಯಿತು. ಪ್ರತಿ ಹಂತದಲ್ಲೂ ತೆರಿಗೆ ಹಾಕು, ಹಿಂದಿನವರು ಕಟ್ಟಿದ್ದನ್ನು ಕಳೆದುಕೋ. 2017ರ ಜುಲೈ 1ರಂದು ಜಿಎಸ್‌ಟಿ ಇದನ್ನೇ ದೇಶಕ್ಕೆಲ್ಲ ಹರಡಿತು. ನೋಂದಣಿಯ ಮಿತಿ ಮೊದಲು ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಬರೀ ಸರಕು ಮಾರುವವರಿಗೆ 2019ರ ಏಪ್ರಿಲ್‌ನಿಂದ ಅದು 40 ಲಕ್ಷವಾಯಿತು. ಹೋಟೆಲ್, ಟೀ ಅಂಗಡಿ ಮತ್ತು ಸೇವೆಗಳಿಗೆ 20 ಲಕ್ಷವೇ ಉಳಿಯಿತು.

20 ಲಕ್ಷ ಅಂದರೆ ದೊಡ್ಡ ಮೊತ್ತ ಅನ್ನಿಸುತ್ತೆ ಅಲ್ವಾ? ದಿನದ ಲೆಕ್ಕ ಹಾಕಿ ನೋಡಿ. ರಜೆಯಿಲ್ಲದೆ ನಡೆದರೆ ದಿನಕ್ಕೆ ಸುಮಾರು 5,480 ರೂಪಾಯಿ. ಟೀಗೆ 15 ರೂಪಾಯಿ ಅಂತ ಹಿಡಿದರೆ 365 ಟೀ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಇದು ದೊಡ್ಡ ವ್ಯಾಪಾರವೇ ಅಲ್ಲ. ಇಲ್ಲಿ ಎಣಿಸೋದು ವಹಿವಾಟನ್ನು. ಲಾಭ ಎಷ್ಟು ಅಂತ ಯಾರೂ ಕೇಳೋದಿಲ್ಲ.

ಇನ್ನು ಕಾಂಡಿಮೆಂಟ್ಸ್ ಕೌಂಟರ್ ನೋಡಿ. ಹಾಲು, ಬ್ರೆಡ್ಡು, ಬಾಳೆಹಣ್ಣಿಗೆ ತೆರಿಗೆ ಇಲ್ಲ. ಬಿಸ್ಕತ್ತಿಗೆ ಆಗ ಶೇ 18. ತಂಪು ಪಾನೀಯ, ಸಿಗರೇಟಿಗೆ ಆಗ ಶೇ 28, ಮೇಲೆ ಸೆಸ್ ಅನ್ನೋ ಹೆಚ್ಚುವರಿ ತೆರಿಗೆ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ಕೋಟಿ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ. ಆದರೆ ಪಕ್ಕದಲ್ಲಿ ನಾಲ್ಕು ಪ್ಯಾಕೆಟ್ ಬಿಸ್ಕತ್ತು ಇಟ್ಟರೆ ಹಾಲಿನ ವ್ಯಾಪಾರವೂ ಮಿತಿಯ ಲೆಕ್ಕಕ್ಕೆ ಸೇರುತ್ತೆ. ತೆರಿಗೆ ಬಿಸ್ಕತ್ತಿಗೆ ಮಾತ್ರ, ಆದರೆ ನೋಂದಣಿ ಬೇಕೋ ಬೇಡವೋ ಅಂತ ನೋಡುವಾಗ ಎರಡೂ ಸೇರಿ.

ಯುಪಿಐ ಮಾಹಿತಿಯಲ್ಲಿ ಇದ್ಯಾವುದೂ ಕಾಣೋದಿಲ್ಲ. ಬಂದ ದುಡ್ಡು ಹಾಲಿನದೋ ಸಿಗರೇಟಿನದೋ ಗೊತ್ತಾಗಲ್ಲ. ಭಾವಮೈದ ವಾಪಸ್ ಕೊಟ್ಟ ಕೈಸಾಲ, ಚೀಟಿ ದುಡ್ಡು, ‘ಅಣ್ಣಾ, ಫೋನ್‌ಪೇ ಮಾಡ್ತೀನಿ, ಐನೂರು ಕ್ಯಾಶ್ ಕೊಡಿ’ ಅಂದವರ ದುಡ್ಡು ಎಲ್ಲವೂ ಒಂದೇ ಸಾಲಿನಲ್ಲಿ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ ಸುದ್ದಿಯಾಗಿದ್ದು ಇದಕ್ಕೇ. ನಾಲ್ಕು ವರ್ಷದಲ್ಲಿ 1.63 ಕೋಟಿ ಬಂದಿದೆ, 29 ಲಕ್ಷ ಕಟ್ಟಿ ಅಂತ ಅವರಿಗೆ ನೋಟಿಸ್ ಬಂದಿತ್ತು ಅಂತ ವರದಿಯಾಯಿತು. ಗುಣಿಸಿ ನೋಡಿದರೆ ಅದು ಹೆಚ್ಚುಕಮ್ಮಿ ಇಡೀ ಮೊತ್ತದ ಶೇ 18. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ!

ಇದರಲ್ಲಿ ಇನ್ನೊಂದು ಕಹಿ ಇದೆ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ ಕಾಂಪೊಸಿಷನ್ ಅನ್ನೋ ಸರಳ ದಾರಿ ಇದೆ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಖರೀದಿಯಲ್ಲಿ ಕಟ್ಟಿದ್ದನ್ನು ಕಳೆಯುವ ಹಾಗೂ ಇಲ್ಲ. ತಮ್ಮ ಕೈಯಿಂದ ವಹಿವಾಟಿನ ಶೇ 1 ಕಟ್ಟಿದರೆ ಮುಗೀತು. ಚಿಕ್ಕ ಹೋಟೆಲ್‌ಗಳಿಗೆ ಶೇ 5. ಆದರೆ ಮೊದಲೇ ನೋಂದಣಿ ಮಾಡಿಸಿ ಅದನ್ನು ಆರಿಸಿಕೊಂಡಿರಬೇಕು. ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಹಳೆಯ ವರ್ಷಗಳಿಗೆ ಪೂರ್ತಿ ದರ, ಬಡ್ಡಿ, ದಂಡ. ಸಾವಿರದಲ್ಲಿ ಮುಗಿಯಬೇಕಾಗಿದ್ದು ಲಕ್ಷಕ್ಕೆ ಹೋಗೋದು ಹೀಗೆ. ಈ ದಾರಿಯ ಬಗ್ಗೆ ಅಂಗಡಿ ಅಂಗಡಿಗೆ ಹೋಗಿ ಹೇಳುವ ಕೆಲಸ ನೋಟಿಸ್‌ಗಿಂತ ಮೊದಲು ನಡೆಯಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಅಂಗಡಿಯವರಿಗೆ ಮೋಸ ಹೋದ ಹಾಗೆ ಅನ್ನಿಸಿದ್ದಕ್ಕೂ ಕಾರಣವಿದೆ. ಯುಪಿಐ ಶುರುವಾಗಿದ್ದು 2016ರಲ್ಲಿ, ಅದೇ ನವೆಂಬರ್‌ನಲ್ಲಿ ನೋಟು ರದ್ದಾಯಿತು. ಡಿಜಿಟಲ್ ಆಗಿ ಅಂತ ಸರ್ಕಾರವೇ ಬೆನ್ನು ತಟ್ಟಿತು. ಆದಾಯ ತೆರಿಗೆಯ ಅಂದಾಜು ಪದ್ಧತಿಯಲ್ಲಿ (ವಹಿವಾಟಿನ ಇಂತಿಷ್ಟು ಪಾಲನ್ನು ಲಾಭ ಅಂತ ಹಿಡಿಯೋದು) ನಗದು ವ್ಯಾಪಾರಕ್ಕೆ ಶೇ 8 ಲಾಭ ಅಂತ ಹಿಡಿದರೆ, ಡಿಜಿಟಲ್‌ಗೆ ಶೇ 6 ಸಾಕು ಅಂದರು. 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿ ಕಟ್ಟಬೇಕಿದ್ದ ಶುಲ್ಕವೂ ಹೋಯಿತು. ಸ್ಕ್ಯಾನರ್ ಇಟ್ಟಿದ್ದಕ್ಕೇ ಶಿಕ್ಷೆಯಾ ಅಂತ ಅವರು ಕೇಳಿದ್ದು ಸುಮ್ನೆ ಅಲ್ಲ. ಹಾಗಂತ ಸ್ಟಿಕ್ಕರ್ ಕಿತ್ತರೂ ಪ್ರಯೋಜನವಿಲ್ಲ. ನಗದಿನಲ್ಲಿ ಮಾರಿದ್ದೂ ವಹಿವಾಟೇ.

ಜುಲೈ 23ರಂದು ಹಲವು ಬೇಕರಿಗಳಲ್ಲಿ ಹಾಲು, ಟೀ, ಕಾಫಿ ಸಿಗಲಿಲ್ಲ. 25ಕ್ಕೆ ಬಂದ್ ಕರೆ ಇತ್ತು. ನೋಟಿಸ್ ರಾಜ್ಯದ್ದು ಅಂತ ದೆಹಲಿ ಕಡೆಯವರು, ಜಿಎಸ್‌ಟಿ ಕೇಂದ್ರದ್ದು ಅಂತ ಇಲ್ಲಿಯವರು ಬೆರಳು ತೋರಿಸುತ್ತಿದ್ದರು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ ಮಾತಾಡಿದರು. ಹಳೆಯ ಬಾಕಿ ವಸೂಲಿ ಮಾಡೋದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಅಂದರು. ಬಂದ್ ಕೈಬಿಟ್ಟರು.

ಆ ಸೆಪ್ಟೆಂಬರ್ 22ರಿಂದ ಎಷ್ಟೋ ಸರಕುಗಳ ತೆರಿಗೆ ದರ ಕಡಿಮೆಯಾಗಿ ಬಿಸ್ಕತ್ತು ಶೇ 5ಕ್ಕೆ ಇಳಿಯಿತು. ನೋಂದಣಿಯ ಮಿತಿಯನ್ನು ಆಗ ಯಾರೂ ಮುಟ್ಟಲಿಲ್ಲ. ಸರಕಿಗೆ 2019ರ 40 ಲಕ್ಷ, ಟೀ ಅಂಗಡಿಗೆ 2017ರ 20 ಲಕ್ಷ. ಹಾಲು, ಸಕ್ಕರೆ, ಗ್ಯಾಸ್ ಬೆಲೆ ಏರಿದಾಗಲೆಲ್ಲ ಟೀ ರೇಟೂ ಏರುತ್ತೆ. ಒಂದು ಕಪ್ಪೂ ಜಾಸ್ತಿ ಮಾರದೆ, ಒಂದು ರೂಪಾಯಿ ಜಾಸ್ತಿ ಉಳಿಸದೆ ಅಂಗಡಿ ಮಿತಿ ದಾಟಿರುತ್ತೆ.