ಸೆಲ್ ಮುಗಿದಿದೆಯೇ? ಕೆಲಸ ಕೊಟ್ಟು ನೋಡಿ

ರಿಮೋಟ್ ಒತ್ತಿದರೆ ಟಿವಿ ಅಲುಗಾಡದಿದ್ದಾಗ ಮೊದಲ ಅನುಮಾನ ಸೆಲ್ ಮೇಲೆಯೇ. ಆದರೆ ಹೊಸ ಸೆಲ್ಲೂ ಖಾಲಿ ಸೆಲ್ಲೂ ನೋಡಲು ಒಂದೇ ಥರ.

ಯಾವ ಉಪಕರಣವೂ ಬೇಡದ ಪರೀಕ್ಷೆಯೆಂದರೆ ಪುಟಿಸಿ ನೋಡುವುದು. ಎಎ ಆಲ್ಕಲೈನ್ ಸೆಲ್ಲನ್ನು ಚಪ್ಪಟೆ ತುದಿ ಕೆಳಗಿರುವಂತೆ ನೆಟ್ಟಗೆ ಹಿಡಿದು, ಗಟ್ಟಿ ಮೇಜಿನ ಮೇಲೆ ಎರಡು ಮೂರು ಸೆಂಟಿಮೀಟರ್ ಎತ್ತರದಿಂದ ಬಿಡಿ. ಹೊಸದು ತೊಪ್ಪನೆ ಬಿದ್ದು ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಬಳಸಿದ್ದು ಪುಟಿದು ಉರುಳುತ್ತದೆ. ಹೊಸ ಸೆಲ್ಲಿನೊಳಗೆ ಸತುವಿನ ಪುಡಿ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಲೋಳೆಯಲ್ಲಿ ಕಲಸಿರುತ್ತದೆ, ಬಿದ್ದ ಪೆಟ್ಟನ್ನು ಅದು ನುಂಗಿಬಿಡುತ್ತದೆ. ಬಳಸುತ್ತಾ ಹೋದಂತೆ ಸತು ಆಕ್ಸೈಡಾಗಿ, ಕಣಕ್ಕೆ ಕಣ ಬೆಸೆದು ಗಟ್ಟಿಯಾಗುತ್ತದೆ. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ನೋಡಿದಾಗ, ಸುಮಾರು ಅರ್ಧ ಶಕ್ತಿ ಖರ್ಚಾಗುವಷ್ಟರಲ್ಲೇ ಪುಟಿತ ತನ್ನ ಮಿತಿ ಮುಟ್ಟಿ ಮುಂದೆ ಹೆಚ್ಚದೆ ಉಳಿದದ್ದು ಕಂಡುಬಂತು. ಹಾಗಾಗಿ ಪುಟಿದ ಸೆಲ್ ಹೊಸದಲ್ಲ ಎನ್ನಬಹುದೇ ಹೊರತು ಸತ್ತಿದೆ ಎನ್ನುವಂತಿಲ್ಲ. ರೀಚಾರ್ಜಬಲ್ ಸೆಲ್ಲಿಗೆ ಈ ಲೆಕ್ಕ ನಡೆಯುವುದೂ ಇಲ್ಲ.

ನಂಬಬಹುದಾದ ಸಾಧನ ವೋಲ್ಟೇಜ್, ಕರೆಂಟು ಅಳೆಯುವ ಮಲ್ಟಿಮೀಟರ್, ಅದೂ ಸರಿಯಾಗಿ ಬಳಸಿದರೆ. ಡಿಸಿ ವೋಲ್ಟೇಜಿನ 20 ವೋಲ್ಟ್ ರೇಂಜಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಮುಟ್ಟಿಸಿ. ಹೊಸ ಆಲ್ಕಲೈನ್ 1.5ರಿಂದ 1.6 ವೋಲ್ಟ್ ತೋರಿಸುತ್ತದೆ. 1.3ಕ್ಕಿಂತ ಕಡಿಮೆ ಬಂದರೆ ಬಹುಪಾಲು ಖಾಲಿ. ತೊಂದರೆ ಏನೆಂದರೆ ಮೀಟರ್ ಸೆಲ್ಲಿನಿಂದ ಕರೆಂಟು ಎಳೆಯುವುದೇ ಇಲ್ಲವೆನ್ನಬೇಕು. ಸುಮ್ಮನೆ ಕೂತಾಗ ದಣಿದವನೂ ಗಟ್ಟಿಯಾಗಿಯೇ ಕಾಣುತ್ತಾನೆ, ಮೂಟೆ ಹೊರಿಸಿದಾಗಲೇ ನಿಜ ಗೊತ್ತಾಗುವುದು. ಸೆಲ್ ಹಳೆಯದಾದಂತೆ ಅದರ ಒಳರೋಧ, ಅಂದರೆ ಕರೆಂಟಿಗೆ ಸೆಲ್ಲಿನೊಳಗೇ ಇರುವ ತಡೆ, ಏರುತ್ತದೆ. ಕರೆಂಟು ಹರಿದಾಗ ಒಂದಷ್ಟು ವೋಲ್ಟೇಜ್ ಒಳಗೇ ಕಳೆದುಹೋಗುತ್ತದೆ.

ಆದ್ದರಿಂದ 10 ಓಮ್, ಅರ್ಧ ವಾಟಿನ ಒಂದು ರೆಸಿಸ್ಟರನ್ನು (ಕರೆಂಟಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ) ಸೆಲ್ಲಿನ ಎರಡೂ ತುದಿಗೆ ತಾಗಿಸಿ, ಐದು ಸೆಕೆಂಡ್ ಆದ ಮೇಲೆ ಅದು ತಾಗಿರುವಾಗಲೇ ವೋಲ್ಟೇಜ್ ಅಳೆಯಿರಿ. ಸುಮಾರು 150 ಮಿಲಿಆಂಪ್ ಹರಿಯುತ್ತದೆ. ಆಗಲೂ 1.4ಕ್ಕಿಂತ ಮೇಲೆ ನಿಂತರೆ ಸೆಲ್ ಗಟ್ಟಿ. 1.2ರ ಆಸುಪಾಸು ಬಂದರೆ ಅರ್ಧ ಆಯಸ್ಸು ಮುಗಿದಿದೆ, 1.1ಕ್ಕಿಂತ ಕೆಳಗಿಳಿದರೆ ಕೊನೆಗಾಲ. ಕ್ಯಾಮೆರಾದಲ್ಲಿ ಸೋತ ಇಂಥ ಸೆಲ್ ಅತ್ಯಲ್ಪ ಕರೆಂಟು ಬೇಡುವ ಗೋಡೆ ಗಡಿಯಾರವನ್ನು ಇನ್ನೂ ಸ್ವಲ್ಪ ದಿನ ನಡೆಸೀತು. ಫ್ರಿಜ್ಜಿನಿಂದ ತೆಗೆದ ಸೆಲ್ಲನ್ನು ಕೂಡಲೇ ಅಳೆಯಬೇಡಿ, ತಂಪಿಗೆ ಒಳರೋಧ ಹೆಚ್ಚಿ ಒಳ್ಳೆಯ ಸೆಲ್ಲೂ ಕೆಟ್ಟದ್ದಾಗಿ ಕಾಣುತ್ತದೆ.

ಎಲ್ಲ ಸೆಲ್ಲಿಗೂ ಈ ಅಂಕಿಗಳು ಹೊಂದುವುದಿಲ್ಲ. ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ಲಿನ ಸಹಜ ವೋಲ್ಟೇಜೇ 1.2, ಮುಗಿಯುವವರೆಗೂ ಅದರ ಹತ್ತಿರವೇ ಸುಳಿಯುವುದರಿಂದ ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಹೇಳುವುದು ಕಷ್ಟ. ಸಿಆರ್2032 ಬಟನ್ ಸೆಲ್ ಹೊಸದರಲ್ಲಿ 3 ವೋಲ್ಟಿಗಿಂತ ತುಸು ಹೆಚ್ಚೇ ಇರುತ್ತದೆ, 2.8ಕ್ಕೆ ಇಳಿದರೆ ಬದಲಿಸಿ. ಅದಕ್ಕೆ 10 ಓಮ್ ಹಾಕಬಾರದು, 1 ಕಿಲೋಓಮ್ ಸಾಕು. ಮೀಟರನ್ನು ಆಂಪಿಯರ್‌ಗೆ ತಿರುಗಿಸಿ ನೇರ ಸೆಲ್ಲಿಗೆ ಮುಟ್ಟಿಸುವ ಅಭ್ಯಾಸ ಕೆಲವರಿಗಿದೆ. ಅದು ಶಾರ್ಟ್ ಸರ್ಕ್ಯೂಟೇ. ಲಿಥಿಯಂ ಸೆಲ್ಲಿನಲ್ಲಂತೂ ಅಪಾಯ.

ಉಪಕರಣದೊಳಗಿನ ಎಲ್ಲ ಸೆಲ್ಲನ್ನೂ ಒಂದೊಂದಾಗಿ ಅಳೆಯಿರಿ. ಸಾಲಿನಲ್ಲಿ ಒಂದು ಮಾತ್ರ ಸತ್ತಿದ್ದರೂ ಉಳಿದವು ಅದರ ಮೂಲಕ ಕರೆಂಟು ನೂಕುತ್ತವೆ. ಅದರ ಧ್ರುವ ತಿರುಗುಮುರುಗಾಗಿ, ಒಳಗೆ ಹೈಡ್ರೋಜನ್ ತುಂಬಿ, ಕ್ಷಾರ ಸೋರುತ್ತದೆ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಂಡರೆ ಅದೇ. ಕೈಗವಸು ಹಾಕಿ, ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದೇ ಬಗೆಯ ಹೊಸ ಸೆಲ್ಲುಗಳನ್ನು ಒಟ್ಟಿಗೇ ಹಾಕಿ.