ಗಿಡ ನೆಡೋದು ಜುಲೈಯಲ್ಲಿ, ನೀರು ಬೇಕಾಗೋದು ಮಾರ್ಚ್‌ನಲ್ಲಿ

ಮುಂಬೈಯ ಮಾಟುಂಗಾದ ನಮ್ಮ ಓಣಿಯ ಮಳೆಮರಕ್ಕೆ ಕಳೆದ ಜುಲೈಯಲ್ಲಿ ಒಂದು ನೋಟಿಸ್ ಅಂಟಿಸಿದ್ದರು. ಹಿಂದಿನ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿದೆ, ಮರ ಅಡ್ಡ ಬರುತ್ತದೆ, ಆಕ್ಷೇಪವಿದ್ದರೆ ತಿಳಿಸಿ ಅಂತ. ಓದುವಷ್ಟರಲ್ಲಿ ಅರ್ಧ ಕಾಗದ ಮಳೆಗೆ ನೆನೆದು ಉದುರಿತ್ತು. ಅದೇ ವಾರ ಪಕ್ಕದ ರಸ್ತೆಯಲ್ಲಿ ವನಮಹೋತ್ಸವ.

ಅಮೆರಿಕದಲ್ಲಿ ಮರ ನೆಡಲೆಂದೇ ಒಂದು ದಿನ ಅಂತ ಮೊದಲು ಗೊತ್ತುಮಾಡಿದ್ದು ನೆಬ್ರಾಸ್ಕದಲ್ಲಿ, 1872ರ ಏಪ್ರಿಲ್ 10ರಂದು. ನಮ್ಮ ದೇಶದಲ್ಲಿ ವನಮಹೋತ್ಸವ ಶುರುವಾದದ್ದು 1950ರ ಜುಲೈಯಲ್ಲಿ. ಆಗ ಕೇಂದ್ರದ ಆಹಾರ, ಕೃಷಿ ಸಚಿವರಾಗಿದ್ದ ಕೆ.ಎಂ. ಮುನ್ಶಿ ಮುಂಬೈಯಲ್ಲೇ ವಕೀಲಿ ಮಾಡಿದವರು. ಇಲ್ಲಿಯ ಮಳೆ ಬಲ್ಲವರಿಗೆ ಜುಲೈ ಮೊದಲ ವಾರ ಸರಿಯಾದ ಮುಹೂರ್ತವೇ.

ಗೋಜಲು ಶುರುವಾಗುವುದು ಮಹಾರಾಷ್ಟ್ರದ 1975ರ ಕಾಯ್ದೆಯಿಂದ. ಪೇಟೆಯಲ್ಲಿ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು, ಕಡಿದರೆ ಬದಲಿ ಗಿಡ ನೆಡಬೇಕು. ಕಾಯ್ದೆ ಬಂದದ್ದು ಮರ ಉಳಿಸಲಿಕ್ಕೆ, ಆದರೆ "ಒಂದು ಹೋದರೆ ಇನ್ನೊಂದು" ಅನ್ನುವ ಲೆಕ್ಕಕ್ಕೂ ಅಲ್ಲೇ ಜಾಗ ಸಿಕ್ಕಿತು. 2016ರಿಂದ ಈ ಲೆಕ್ಕ ಕೋಟಿಗೇರಿತು: ಮಹಾರಾಷ್ಟ್ರದ ಸಸಿ ಗುರಿ ಆ ವರ್ಷ 2 ಕೋಟಿ, ಆಮೇಲೆ 4, 13, 2019ರಲ್ಲಿ 33 ಕೋಟಿ. ಅದೇ 2019ರ ಅಕ್ಟೋಬರ್‌ನಲ್ಲಿ ಮುಂಬೈಯದೇ ಹಸಿರು ಪ್ರದೇಶವಾದ ಆರೆಯಲ್ಲಿ, ಮೆಟ್ರೋ ರೈಲು ನಿಲ್ಲಿಸುವ ಕಾರ್ ಶೆಡ್ಡಿಗಾಗಿ 2,141 ಮರ ಉರುಳಿದವು. ಮರ ಕಡಿಯಬಾರದೆಂಬ ಅರ್ಜಿಯನ್ನು ಹೈಕೋರ್ಟ್ ವಜಾ ಮಾಡಿದ ರಾತ್ರಿಯೇ ಗರಗಸ ಶುರು. 7ರಂದು ಸುಪ್ರೀಂ ಕೋರ್ಟ್ ತಡೆ ಕೊಡುವಷ್ಟರಲ್ಲಿ ಕೆಲಸ ಬಹುತೇಕ ಮುಗಿದಿತ್ತು.

2021ರಲ್ಲಿ ಆ 1975ರ ಕಾಯ್ದೆಗೆ ತಿದ್ದುಪಡಿ ಬಂತು. 50 ವರ್ಷ ದಾಟಿದ್ದು ಪಾರಂಪರಿಕ ಮರ. ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಗಿಡ ನೆಡಬೇಕು. ಅಪ್ಪ 1968ರಲ್ಲಿ ಕುಂದಾಪುರದಿಂದ ಹೋಟೆಲ್ ಕೆಲಸಕ್ಕೆ ಬಂದಾಗಲೇ ನಮ್ಮ ಓಣಿಯ ಮರದ ನೆರಳಲ್ಲಿ ಎಳನೀರಿನ ಗಾಡಿ ನಿಲ್ಲುತ್ತಿತ್ತಂತೆ. ಹಾಗಾದರೆ ಇದಕ್ಕೆ ಬದಲಾಗಿ ಎಪ್ಪತ್ತು ಗಿಡವೋ, ಎಂಬತ್ತೋ? ಎಷ್ಟೇ ಆಗಲಿ, ಈ ಓಣಿಯಲ್ಲಂತೂ ಅಷ್ಟಕ್ಕೆ ಮಣ್ಣಿಲ್ಲ. ಇದ್ದ ಮರದ ಬುಡಕ್ಕೇ ಪೇವರ್ ಬ್ಲಾಕ್ ಒತ್ತಿಕೊಂಡಿದೆ.

ನೆಟ್ಟದ್ದನ್ನು ಎಣಿಸುವವರಿದ್ದಾರೆ. ಮಳೆ ನಿಂತ ಮೇಲೆ ಮುಂದಿನ ಜೂನ್‌ವರೆಗೆ ನೀರು ಹಾಕಲು ಆಳು, ಟ್ಯಾಂಕರು ಯಾರ ಖರ್ಚಿನಲ್ಲಿ ಅನ್ನುವುದು ಯಾವ ಬ್ಯಾನರಿನಲ್ಲೂ ಕಾಣಲಿಲ್ಲ. ಪಕ್ಕದ ರಸ್ತೆಯ ಹೊಂಗೆ ಸಸಿಗೆ ಒಬ್ಬ ವಾಚ್‌ಮನ್ ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದ. ಫೆಬ್ರವರಿಯಲ್ಲಿ ಊರಿಗೆ ಹೋದ. ಹೋಳಿ ಹೊತ್ತಿಗೆ ಸಸಿ ಕಡ್ಡಿಯಾಗಿತ್ತು. ದಾನಿಗಳ ಹೆಸರು ಬರೆದ ಕಬ್ಬಿಣದ ಗಾರ್ಡ್ ಗಟ್ಟಿಯಾಗಿಯೇ ಇದೆ; ಯಾರೋ ಅದಕ್ಕೆ ಸೈಕಲ್ ಬೀಗ ಹಾಕುತ್ತಾರೆ. ಈ ಜುಲೈಯಲ್ಲಿ ಅದೇ ಗುಣಿಗೆ ಇನ್ನೊಂದು ಹೊಂಗೆ ನೆಟ್ಟರು.